ಎರಡು ಸಾವಿರ ಬಂತು, ಎಲ್ಲಿಗೆ ಹೋಯಿತು? ನಮ್ಮ ಜಿಲ್ಲೆಯ ಮನೆ ಲೆಕ್ಕ

ತಾಳೆಪಟ್ಟಿ (ಕುಮಟಾ)

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಒಳಗೆ, ಶಿರಸಿ ರಸ್ತೆಯ ಬದಿಗೆ ನನ್ನದೊಂದು ಕಿರಾಣಿ ಅಂಗಡಿ ಇದೆ. ರಾಜಕೀಯ ಬರೆಯುವ ಆಸೆ ಇರಲಿಲ್ಲ. ಆದರೆ ಮೊನ್ನೆ ಅಂಗಡಿ ಜಗಲಿಯಲ್ಲಿ ಎರಡು ಪಕ್ಷದವರ ನಡುವೆ ಗ್ಯಾರಂಟಿ ವಿಷಯಕ್ಕೆ ಜೋರು ಮಾತಾಯಿತು. ಒಬ್ಬರು ಸಿಟ್ಟಿನಲ್ಲಿ ಚಹಾದ ದುಡ್ಡು ಕೊಡದೆ ಎದ್ದು ಹೋದರು. (ಉದ್ರಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.) ಅವರು ಹೋದ ಮೇಲೆ ಮನೆಯ ಲೆಕ್ಕದ ಪುಸ್ತಕ ತೆಗೆದೆ. ಅಂಗಡಿಯದ್ದಲ್ಲ, ಮನೆಯದ್ದು. ಹೆಂಡತಿ ಬರೆಯುವುದು, ಹಾಗಾಗಿ ಸುಳ್ಳಿಲ್ಲ.

ಒಂದು ವರ್ಷದಲ್ಲಿ ಗೃಹಲಕ್ಷ್ಮಿ ಒಂಬತ್ತು ಕಂತು ಬಂದಿದೆ, 18,000. ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ಮೂರು ತಿಂಗಳು ಸುದ್ದಿಯೇ ಇರುವುದಿಲ್ಲ, ಆಮೇಲೆ ಎರಡು ಕಂತು ಒಟ್ಟಿಗೆ ಬೀಳುತ್ತದೆ. ಕರೆಂಟ್ ಬಿಲ್ ಮೊದಲು 400ರ ಆಸುಪಾಸು ಇತ್ತು, ಈಗ ಸೊನ್ನೆ. ವರ್ಷಕ್ಕೆ 4,800 ಉಳಿಯಿತು. ಹೆಂಡತಿ, ಮಗಳ ಬಸ್ ಖರ್ಚು ಹೆಚ್ಚೂ ಕಡಿಮೆ 3,000 ಉಳಿದಿದೆ. ನಮ್ಮದು ಎಪಿಎಲ್ ಕಾರ್ಡ್, ಅಕ್ಕಿ ಲೆಕ್ಕಕ್ಕಿಲ್ಲ. ಒಟ್ಟು 25,800. ಇದು ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ನನ್ನಂಥ ಅಂಗಡಿಯವನಿಗೆ ಇದು ಎರಡು ತಿಂಗಳ ಲಾಭ.

ಈಗ ಹೋದದ್ದು. ಹಾಲು 2025ರ ಏಪ್ರಿಲ್‌ನಿಂದ ಲೀಟರಿಗೆ 4 ರೂಪಾಯಿ ಜಾಸ್ತಿ. ಅದೇ ವರ್ಷ ಜನವರಿಯಲ್ಲಿ ಬಸ್ ದರ ಶೇ 15 ಏರಿತ್ತು, ಮಗ ಗಂಡು ಹುಡುಗನಾದ್ದರಿಂದ ಅವನ ಟಿಕೆಟ್ ನನ್ನ ಕಿಸೆಯದ್ದೇ. ಇವೆಲ್ಲ ಎಲ್ಲರ ಮನೆಯಲ್ಲೂ ಇರುವುದು, ಬಿಡಿ.

ನನ್ನ ಕಣ್ಣು ನಿಂತದ್ದು ಬೇರೆ ಒಂದು ಪುಟದಲ್ಲಿ. ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದರ ಮೇಲೆ ಅಪ್ಪನಿಗೆ ಎದೆ ನೋವು ಬಂತು. ಮಳೆ ಅಂದರೆ ಮಳೆ. 108 ಗಾಡಿ ಬಂತು, ತಡ ಮಾಡಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ನಾಲಿಗೆಯಡಿ ಒಂದು ಮಾತ್ರೆ ಇಟ್ಟರು. ‘ಇಲ್ಲಿ ಇಟ್ಟುಕೊಂಡು ಕೂರುವುದು ಬೇಡ, ಮಣಿಪಾಲಕ್ಕೆ ಹೊರಡಿ’ ಎಂದರು. ಅವರದ್ದು ತಪ್ಪಲ್ಲ, ಹೃದಯದ ಡಾಕ್ಟರೇ ಇಲ್ಲದ ಮೇಲೆ ಅವರಾದರೂ ಏನು ಮಾಡುತ್ತಾರೆ. ಖಾಸಗಿ ಆಂಬುಲೆನ್ಸ್‌ಗೆ 7,500 ಕೊಟ್ಟೆ. ಗಾಡಿ ಹೊರಡುವ ಮೊದಲು ಡ್ರೈವರ್ ಹುಡುಗ ಡೀಸೆಲ್‌ಗೆ ಮುಂಗಡ ಕೇಳಿದ. ಅಂಗಡಿ ಗಲ್ಲಾ ಪೆಟ್ಟಿಗೆಯಲ್ಲಿ ಇದ್ದ ಚಿಲ್ಲರೆ ನೋಟುಗಳನ್ನೆಲ್ಲ ರಬ್ಬರ್ ಬ್ಯಾಂಡ್ ಸಮೇತ ಕೊಟ್ಟುಬಿಟ್ಟೆ. ಅಲ್ಲಿ ಎಂಟು ದಿನ ಇಬ್ಬರ ರೂಮು, ಊಟ 9,000. ಆಮೇಲೆ ತೋರಿಸಿಕೊಂಡು ಬರಲು ಐದು ಸಲ ಹೋಗಿ ಬಂದದ್ದಕ್ಕೆ 11,000. ಒಟ್ಟು 27,500. ಚಿಕಿತ್ಸೆಯ ದುಡ್ಡು ಇದರಲ್ಲಿ ಸೇರಿಲ್ಲ. ಅಂಗಡಿ ಬಾಗಿಲು ಹಾಕಿದ ದಿನಗಳ ಲೆಕ್ಕವೂ ಇಲ್ಲ. ಇದು ಬರೀ ದಾರಿ ಖರ್ಚು.

ಅಂದರೆ ಸರ್ಕಾರ ವರ್ಷವಿಡೀ ಕೊಟ್ಟದ್ದು ಹೆದ್ದಾರಿಯಲ್ಲೇ ಹೋಯಿತು. ನಾನು ಇದಕ್ಕೆ ‘ದೂರದ ಸುಂಕ’ ಅಂತ ಹೆಸರಿಟ್ಟಿದ್ದೇನೆ. ಯಾವ ಬಜೆಟ್‌ನಲ್ಲೂ ಇದು ಇಲ್ಲ. ಆದರೆ ಉತ್ತರ ಕನ್ನಡದವರೆಲ್ಲ ಕಟ್ಟುತ್ತಾರೆ. ನಿಮ್ಮ ಮನೆಯಲ್ಲಿ ಎಷ್ಟಾಯಿತು, ಹೇಳಿ ನೋಡುವ. ಅಪ್ಪ ಈಗ ಆರಾಮಿದ್ದಾರೆ.

ಬೆಂಗಳೂರಲ್ಲಿರೋ ಶಿರಸಿಗ

ಅಣ್ಣ, ನಿಮ್ಮ ಅಪ್ಪ ಆರಾಮಿದ್ದಾರೆ ಎಂದು ಓದಿ ಸಮಾಧಾನವಾಯಿತು. ಆದರೆ ನಿಮ್ಮ ಲೆಕ್ಕದ ಬಗ್ಗೆ ಒಂದು ತಕರಾರಿದೆ. ಒಂದು ವರ್ಷದ ಕಾಯಿಲೆಯನ್ನು ಎದುರಿಗಿಟ್ಟು ಯೋಜನೆಯನ್ನು ತೂಗುವುದು ಸರಿಯಾ?

ನನಗೆ ಗ್ಯಾರಂಟಿಗಳ ಮೇಲೆ ಸಿಟ್ಟಿರುವುದು ಬೇರೆ ಕಾರಣಕ್ಕೆ. 2025-26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ. ನೂರು ರೂಪಾಯಿಯಲ್ಲಿ ಹನ್ನೆರಡೂವರೆ. ಅದೇ ವರ್ಷ ಮಾಡುವ ಸಾಲ 1.16 ಲಕ್ಷ ಕೋಟಿ. ಸಾಲ ಮಾಡಿ ರಸ್ತೆ ಕಟ್ಟಿದರೆ ರಸ್ತೆಯಾದರೂ ಉಳಿಯುತ್ತದೆ. ಸಾಲ ತಂದು ಹಂಚಿದರೆ ಬಡ್ಡಿ ಮಾತ್ರ ಉಳಿಯುತ್ತದೆ. ಕೇಂದ್ರ ನೋಡಿ, 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸಿತು. ನಮ್ಮ ದುಡ್ಡು ನಮ್ಮ ಕೈಯಲ್ಲೇ ಬಿಟ್ಟರೆ ಸಾಕಲ್ವಾ?

ಇನ್ನು ಆಸ್ಪತ್ರೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆ ಹದಿನಾಲ್ಕು ಲಕ್ಷ ಚಿಲ್ಲರೆ. ಹತ್ತು ಸಾವಿರ ಚದರ ಕಿಲೋಮೀಟರ್ ಮೇಲೆ ಹರಡಿ ಕೂತಿದ್ದೇವೆ. ಇಂಥ ಕಡೆ ದೊಡ್ಡ ಆಸ್ಪತ್ರೆ ಕಟ್ಟಿದರೆ ಡಾಕ್ಟರು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಬೇಜಾರಾದರೂ ಇದು ನಿಜ.

ಗೃಹಲಕ್ಷ್ಮಿ ನಾನೇ

ತಮ್ಮಾ ಬೆಂಗಳೂರಿನವನೇ, 12 ಲಕ್ಷದ ತನಕ ತೆರಿಗೆ ಇಲ್ಲ ಎಂದರೆ ನನಗೇನು ಬಂತು? ನಾನು ಗೇರುಬೀಜ ಫ್ಯಾಕ್ಟರಿಗೆ ಹೋಗುವವಳು. ಕೈಯ ಬಣ್ಣ ನೋಡಿದರೆ ಗೊತ್ತಾಗುತ್ತದೆ, ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿ ಕಪ್ಪಾಗಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನನ್ನ ಸಂಬಳಕ್ಕೆ ಯಾವ ಕಾಲದಲ್ಲೂ ಆದಾಯ ತೆರಿಗೆ ಇರಲಿಲ್ಲ.

2023ರ ಜೂನ್‌ಗೆ ಮೊದಲು ದಿನಾ ಬೆಳಿಗ್ಗೆ ಗಂಡನ ಹತ್ತಿರ ಬಸ್ಸಿಗೆ ದುಡ್ಡು ಕೇಳಬೇಕಿತ್ತು. ದುಡಿಯುವವಳು ನಾನೇ, ಆದರೂ ಕೇಳಬೇಕಿತ್ತು. ಅವರು ಕೊಡುತ್ತಿದ್ದರು, ಆದರೆ ಎಣಿಸಿ ಕೊಡುತ್ತಿದ್ದರು. ಈಗ ಆಧಾರ್ ತೋರಿಸುತ್ತೇನೆ, ಜೀರೋ ಟಿಕೆಟ್ ಹರಿದು ಕೊಡುತ್ತಾರೆ. ಎರಡು ಸಾವಿರದಲ್ಲಿ ಸಂಘದ ಕಂತು ಕಟ್ಟಿ, ಉಳಿದದ್ದು ಮಗಳ ಕಾಲೇಜಿಗೆ. ಈ ದುಡ್ಡು ಎಲ್ಲೂ ಉಳಿಯುವುದಿಲ್ಲ ಎಂದು ಬರೆದಿದ್ದೀರಲ್ಲ, ಬಂದು ನಮ್ಮ ಮನೆಯಲ್ಲಿ ನೋಡಿ.

ಆದರೆ ಒಂದು ಮಾತು ತಾಳೆಪಟ್ಟಿ ಅಣ್ಣನಿಗೆ ಒಪ್ಪುತ್ತೇನೆ. ಸಂಜೆ ಆರರ ಬಸ್ಸಿಗೆ ನಾವು ಹದಿನೈದು ಹೆಂಗಸರು ಕಾಯುತ್ತೇವೆ. ಡ್ರೈವರು ದೂರದಿಂದಲೇ ಸೀರೆ ನೋಡಿ ಗೇರ್ ಬದಲಿಸುತ್ತಾರೆ. ನಿಲ್ಲಿಸುವುದಿಲ್ಲ. ಒಬ್ಬ ಗಂಡಸನ್ನು ಮುಂದೆ ನಿಲ್ಲಿಸಿ ಕೈ ಮಾಡಿಸಿದರೆ ನಿಲ್ಲುತ್ತದೆ. ನಗು ಬರುತ್ತದೆ, ಆದರೆ ನಿಜ. ಇಲ್ಲದಿದ್ದರೆ ಟೆಂಪೋಗೆ ಮೂವತ್ತು ರೂಪಾಯಿ. ಇದೂ ನಿಮ್ಮ ದೂರದ ಸುಂಕವೇ ಇರಬೇಕು.

ಸುಮ್ನಿರಿ ಮಾರಾಯ್ರೆ

ಎಲ್ಲರೂ ಕಳ್ಳರೇ. ಯಾರು ಬಂದರೂ ರಾಗಿ ಬೀಸುವುದು ತಪ್ಪುವುದಿಲ್ಲ.

ಗೃಹಲಕ್ಷ್ಮಿ ನಾನೇ

ನಮ್ಮ ಕಡೆ ರಾಗಿ ಯಾರು ಬೀಸುತ್ತಾರೆ? ಅಕ್ಕಿ ರುಬ್ಬುವುದು ಅನ್ನಿ.

ಕೊನೆಕೊಯ್ಲು (ಶಿರಸಿ)

ಅಡಿಕೆಯವರ ಲೆಕ್ಕವನ್ನೂ ಹಾಕಿಬಿಡುತ್ತೇನೆ. ರಾಶಿ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿದ್ದನ್ನು ನೋಡಿ ಕರಾವಳಿಯವರು ‘ನಿಮಗೇನು ಮಾರಾಯ್ರೆ’ ಎನ್ನುತ್ತಾರೆ. ದರ ಇದೆ, ಅಡಿಕೆ ಎಲ್ಲಿದೆ? ಒಂದು ಕಡೆ ಎಲೆಚುಕ್ಕಿ ರೋಗ, ಇನ್ನೊಂದು ಕಡೆ ಕೊಳೆ ರೋಗ. ಮೊದಲು ಮಳೆಗಾಲಕ್ಕೆ ಎರಡು ಸಲ ಮದ್ದು ಹೊಡೆದರೆ ಸಾಕಿತ್ತು. ಈಗ ಬಿಸಿಲು ಕಂಡ ದಿನವೆಲ್ಲ ಮೈಲುತುತ್ತ, ಸುಣ್ಣ ಕಲಸುವುದೇ ಕೆಲಸ. ಮರ ಹತ್ತುವ ಕೊನೆಗೌಡ ಸಿಕ್ಕಬೇಕಲ್ಲ. ನಮ್ಮ ಊರಿನ ಮೂರು ಕೇರಿಗೆ ಈಗ ಒಬ್ಬನೇ ಇದ್ದಾನೆ. ಅವನ ದಿನ ಹಿಡಿಯುವುದು ಮಂತ್ರಿಯನ್ನು ಭೇಟಿಯಾಗುವುದಕ್ಕಿಂತ ಕಷ್ಟ.

ದರವೂ ನಮ್ಮ ಕೈಯಲ್ಲಿಲ್ಲ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ದರ ಕಿಲೋಗೆ 251 ಇತ್ತು, 2023ರ ಫೆಬ್ರವರಿಯಲ್ಲಿ 351 ಮಾಡಿದರು. ಅದು ಒಳ್ಳೆಯದಾಯಿತು, ಯಾವ ಪಕ್ಷ ಮಾಡಿದರೂ ಒಳ್ಳೆಯದೇ. ಆದರೆ ಅದಕ್ಕೂ ಕೆಲವೇ ತಿಂಗಳ ಮೊದಲು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ದರದ ಕಟ್ಟಿಲ್ಲದೆ ಬರಲು ಅದೇ ದೆಹಲಿ ಅನುಮತಿ ಕೊಟ್ಟಿತ್ತು. ನಾವು ಇಲ್ಲಿ ಒಣಗಿದ ಚಾಲಿ ಅಡಿಕೆ ಸುಲಿಯುತ್ತಾ ಕೂತಿರುತ್ತೇವೆ, ಅಲ್ಲಿ ಒಂದು ಹಾಳೆ ಕಾಗದದಲ್ಲಿ ನಮ್ಮ ವರ್ಷ ತೀರ್ಮಾನವಾಗುತ್ತದೆ.

ಬೆಳೆ ವಿಮೆಯ ಕಥೆ ಇನ್ನೂ ಚಂದ. ಹವಾಮಾನ ಆಧಾರಿತ ವಿಮೆ, ಹೆಕ್ಟೇರಿಗೆ 1,28,000ಕ್ಕೆ ನಾವು ಕಟ್ಟುವುದು ಶೇ 5, ಅಂದರೆ 6,400. ಕೊಳೆ ಬಂತೋ ಇಲ್ಲವೋ ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಪಂಚಾಯ್ತಿಯ ಮಳೆಮಾಪಕ ಹೇಳಿದ್ದೇ ವೇದ. ನಮ್ಮಲ್ಲಿ ಆ ಯಂತ್ರದ ಮೇಲೆ ಕಾಡುಬಳ್ಳಿ ಹಬ್ಬಿ ಬಾಯಿ ಮುಚ್ಚಿತ್ತು. ಆಷಾಢದಲ್ಲಿ ನನ್ನ ತೋಟದ ಕಾದಿಗೆಯಲ್ಲಿ (ನೀರು ಬಸಿಯುವ ಕಾಲುವೆ) ಮೊಣಕಾಲುದ್ದ ನೀರು, ಯಂತ್ರದ ಪ್ರಕಾರ ತುಂತುರು. ಕಂಪನಿಯವರಿಗೆ ಫೋನ್ ಮಾಡಿದರೆ ‘ಡೇಟಾ ಹಾಗಿದೆ ಸರ್’. ನಾನೇ ಕತ್ತಿ ಹಿಡಿದುಕೊಂಡು ಹೋಗಿ ಬಳ್ಳಿ ಕಡಿದು ಬಂದೆ. ಸರ್ಕಾರಿ ಯಂತ್ರ ಮುಟ್ಟಿದ್ದಕ್ಕೆ ಕೇಸು ಹಾಕುತ್ತಾರೇನೋ ಎಂದು ನಮ್ಮ ಮನೆಯವಳು ಒಂದು ವಾರ ಹೆದರಿದ್ದಳು.

ನಾನು ಯಾವ ಪಕ್ಷಕ್ಕೆ ಓಟು ಹಾಕುತ್ತೇನೆ ಎಂದು ಇಲ್ಲಿ ಹಲವರಿಗೆ ಗೊತ್ತಿದೆ. ಹಾಕಿದ ಮೇಲೆ ಕೇಳುವ ಹಕ್ಕೂ ಇದೆ ಅಲ್ವಾ?

ಬೈತಖೋಲದವ (ಕಾರವಾರ)

ಕಾರವಾರದವರು ಪೆಟ್ರೋಲ್ ಎಲ್ಲಿ ಹಾಕಿಸುತ್ತಾರೆ ಗೊತ್ತಾ? ಗಡಿಯ ಮಾಜಾಳಿ ಗೇಟು ದಾಟಿ ಗೋವಾದ ಪೋಳೆಯಲ್ಲಿ. ಅಲ್ಲಿ ಕಡಿಮೆ. 2024ರ ಜೂನ್‌ನಲ್ಲಿ, ಲೋಕಸಭೆ ಫಲಿತಾಂಶ ಬಂದ ಹತ್ತು ದಿನಕ್ಕೆ, ನಮ್ಮ ರಾಜ್ಯ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಕೇಂದ್ರದವರೂ ಸುಮ್ನೆ ಕೂತಿಲ್ಲ. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಅಗ್ಗವಾದಾಗ ನಮಗೆ ಇಳಿಸುವ ಬದಲು ಅಬಕಾರಿ ಸುಂಕ 2 ರೂಪಾಯಿ ಏರಿಸಿ ಅವರೇ ಇಟ್ಟುಕೊಂಡರು. ಒಬ್ಬರು ಮೇಲಿನ ಕಿಸೆ, ಇನ್ನೊಬ್ಬರು ಕೆಳಗಿನ ಕಿಸೆ.

ನನ್ನದು ಬೋಟಿನ ಕೆಲಸ. ಜೂನ್ 1ರಿಂದ ಜುಲೈ 31, 61 ದಿನ ಬಂದ್. ಅದು ಸರಿ, ಮೀನು ಮೊಟ್ಟೆ ಇಡುವ ಕಾಲ, ನಾವೇ ಒಪ್ಪಿದ್ದೇವೆ. ಆದರೆ ಆಗಸ್ಟ್‌ನಲ್ಲಿ ಇಳಿದರೆ ಬಾಂಗಡೆ ಸಿಕ್ಕಿದ ದಿನ ದರ ಇಲ್ಲ, ದರ ಇದ್ದ ದಿನ ಬಾಂಗಡೆ ಇಲ್ಲ. ಮಂಜುಗಡ್ಡೆ, ಬಲೆ, ಒಡಿಶಾದಿಂದ ಬಂದ ಹುಡುಗರ ಪಾಲು ಕೊಟ್ಟು ಉಳಿಯುವುದು ವಾಸನೆ ಮಾತ್ರ.

‘ಅಭಿವೃದ್ಧಿ’ ಎಂಬ ಶಬ್ದ ಕೇಳಿದರೆ ನಮ್ಮ ಕಡೆಯ ಮುದುಕರು ಎದ್ದು ಗಂಟು ಕಟ್ಟುತ್ತಾರೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ನನ್ನ ತಾಯಿಯ ಊರು ಈಗ ಬೇಲಿಯ ಒಳಗಿದೆ. ಅಜ್ಜ ಪರಿಹಾರದ ಕೇಸಿಗೆ ಕೋರ್ಟಿಗೆ ಅಲೆದೇ ಸತ್ತರು, ದುಡ್ಡು ಬಂದದ್ದು ಮಾವನ ಕಾಲಕ್ಕೆ. ದೇಶಕ್ಕೆ ನೌಕಾನೆಲೆ ಬೇಕು, ಬೇಡ ಎಂದವರು ಯಾರು? ಆದರೆ ಕಾಳಿ ನದಿಗೆ ಅಣೆಕಟ್ಟು ನಾವು ಕೊಟ್ಟೆವು, ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನಾವು ಕೊಟ್ಟೆವು. ಕೈಗಾದ ಒಂದನೇ ಘಟಕ 2018ರಲ್ಲಿ 962 ದಿನ ಬಿಡದೆ ಓಡಿ ದಾಖಲೆ ಮಾಡಿತು. ನಮ್ಮ ಕೇರಿಯಲ್ಲಿ ಮಳೆಗಾಲದಲ್ಲಿ 962 ನಿಮಿಷ ಕರೆಂಟ್ ಬಿಡದೆ ಇದ್ದರೆ ಹಬ್ಬ ಮಾಡುತ್ತೇವೆ. ಉಚಿತ ವಿದ್ಯುತ್ ಅಂತೆ. ಇದ್ದಾಗ ಉಚಿತ.

ಈಗ ಅಂಕೋಲೆಯ ಕೇಣಿಯಲ್ಲಿ ಬಂದರು ಎನ್ನುತ್ತಿದ್ದಾರೆ, ಹೊನ್ನಾವರದ ಕಾಸರಕೋಡಿನಲ್ಲೂ ಅದೇ ಗಲಾಟೆ. ಉದ್ಯೋಗ ಬರುತ್ತದೆ ಎಂದರು. ಬರಬಹುದು. ಬಲೆ ಹಾಕುವವನಿಗೆ ಅಲ್ಲಿ ಕೊಡುವುದು ಗೇಟಿನ ಹತ್ತಿರ ಸೀಟಿ ಊದುವ ಕೆಲಸ.

ಬೆಂಗಳೂರಲ್ಲಿರೋ ಶಿರಸಿಗ

ಇದೇ ನೋಡಿ ನಮ್ಮ ಜಿಲ್ಲೆಯ ಸಮಸ್ಯೆ. ಬಂದರು ಬೇಡ, ನದಿ ಜೋಡಣೆ ಬೇಡ, ಅಣೆಕಟ್ಟು ಬೇಡ. ಎಲ್ಲಕ್ಕೂ ಹೋರಾಟ ಸಮಿತಿ. ಆಮೇಲೆ ಹುಡುಗರೆಲ್ಲ ಬೆಂಗಳೂರಿಗೆ ಹೋದರು ಎಂದು ಅಳುವುದು. ನಾನೇನು ಖುಷಿಯಿಂದ ಇಲ್ಲಿ ಬಂದು ಬಿದ್ದಿದ್ದೇನಾ?

ಕೊನೆಕೊಯ್ಲು (ಶಿರಸಿ)

ತಮ್ಮಾ, ನಿನ್ನ ಅಜ್ಜನ ಕಾಲದವರು ಬೇಡ್ತಿ ಅಣೆಕಟ್ಟು ಯೋಜನೆ ಬೇಡ ಎನ್ನದಿದ್ದರೆ ನೀನು ದೀಪಾವಳಿಗೆ ಬಂದು ಫೋಟೋ ಹೊಡೆದುಕೊಳ್ಳುವ ತೋಟಗಳಲ್ಲಿ ಎಷ್ಟೋ ನೀರಿನಡಿ ಇರುತ್ತಿದ್ದವು. ಈಗ ಬೇಡ್ತಿ-ವರದಾ ಜೋಡಣೆ ಎಂದು ಮತ್ತೆ ಅದನ್ನೇ ತಂದಿದ್ದಾರೆ. ಬೇಡ ಎನ್ನುವುದಕ್ಕೂ ಕಾರಣ ಇರುತ್ತದೆ.

ಆದರೆ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಒಬ್ಬ ಇದ್ದಾನೆ ನಿನ್ನ ಹಾಗೆ.

ಅಂಕೋಲೆ ಅಕ್ಕೋರು

ಮೂವತ್ತು ವರ್ಷ ಕಲಿಸಿ ನಿವೃತ್ತಳಾದವಳು, ತಪ್ಪಿದ್ದರೆ ತಿದ್ದಿ.

ದೊಡ್ಡ ಆಸ್ಪತ್ರೆ ಕಟ್ಟಿದರೆ ಡಾಕ್ಟರು ನಿಲ್ಲುವುದಿಲ್ಲ ಎಂದು ಶಿರಸಿಯ ಹುಡುಗ ಬರೆದಿದ್ದಾನೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ವೀಡಿಯೊ ನೀವೆಲ್ಲ ನೋಡಿದ್ದೀರಿ. (ಅದು ಬೈಂದೂರಿನ ಶಿರೂರು, ನಮ್ಮದಲ್ಲ.) ಆಸ್ಪತ್ರೆ ಕೊಡದಿದ್ದರೆ ಓಟಿಲ್ಲ ಎಂದು ಜಿಲ್ಲೆಗೆ ಜಿಲ್ಲೆಯೇ ಫೋನಿನಲ್ಲಿ ಬರೆಯಿತು. ಮುಂದಿನ ವರ್ಷ ಚುನಾವಣೆ ಬಂತು. ನಾವೆಲ್ಲ ಸಾಲಿನಲ್ಲಿ ನಿಂತು ಓಟು ಹಾಕಿ ಬಂದೆವು, ನಾನೂ ಹಾಕಿದೆ. ಬೆರಳಿನ ಶಾಯಿ ಒಣಗುವ ಮೊದಲು ಆ ಮಾತು ಒಣಗಿತು. ರಾಜಕಾರಣಿಗಳಿಗೆ ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು.

ನಮ್ಮ ಅಂಕೋಲೆಯ ಶಿರೂರಿನದ್ದು 2024ರ ಜುಲೈ 16. ಬೆಳಿಗ್ಗೆ ಗುಡ್ಡ ಜಾರಿ ಹೆದ್ದಾರಿ ಬದಿಯ ಚಹಾದಂಗಡಿಯನ್ನು ಗಂಗಾವಳಿ ನದಿಗೆ ತಳ್ಳಿತು. ಆಚೆ ದಡದ ಉಳುವರೆಗೂ ನೀರು ನುಗ್ಗಿತು. ನಾನು ಕಲಿಸಿದ ಮಕ್ಕಳ ಮನೆಗಳು ಆ ಕಡೆ ಇವೆ, ಹೆಚ್ಚು ಬರೆಯಲಾರೆ. ಆಮೇಲೆ ಎರಡು ತಿಂಗಳು ನಾನು ಕೇಳಿದ್ದು ಒಂದೇ ಜಗಳ. ರಾಜ್ಯದವರು ಹೆದ್ದಾರಿ ಕೇಂದ್ರದ್ದು ಎಂದರು. ಕೇಂದ್ರದವರು ಮಳೆ ಜಾಸ್ತಿಯಾಯಿತು ಎಂದರು. ಮೂರೇ ವಾರಕ್ಕೆ, ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಬಿತ್ತು. ಮತ್ತೆ ಅದೇ ಜಗಳ.

ತೆರಿಗೆ ಪಾಲಿನದ್ದೂ ಹೀಗೇ. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ನಮ್ಮ ರಾಜ್ಯದ ಪಾಲು ಶೇ 4.713 ಇತ್ತು, ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. ಇದು ಅನ್ಯಾಯ ಎಂದು ರಾಜ್ಯದವರು 2024ರ ಫೆಬ್ರವರಿಯಲ್ಲಿ ದೆಹಲಿಗೇ ಹೋಗಿ ಕೂತರು. ನನಗೂ ಅನ್ಯಾಯ ಎಂದೇ ಅನಿಸುತ್ತದೆ. ಆದರೆ ಇದೇ ಪ್ರಶ್ನೆಯನ್ನು ನಾವು ಬೆಂಗಳೂರಿಗೆ ಕೇಳಬಾರದಾ? ಅಷ್ಟು ಕರೆಂಟು, ಅಷ್ಟು ಕಾಡು, ಅಷ್ಟು ಕಡಲು ಕೊಟ್ಟ ಜಿಲ್ಲೆಗೆ ರಾಜ್ಯದ ಪಾಲು ಎಷ್ಟು? ದೆಹಲಿಯಲ್ಲಿ ಹಿಡಿದ ಬೋರ್ಡನ್ನೇ ಅಕ್ಷರ ತಿದ್ದದೆ ನಾವು ವಿಧಾನಸೌಧದ ಎದುರು ಹಿಡಿಯಬಹುದು.

ತಾಳೆಪಟ್ಟಿ (ಕುಮಟಾ)

ಅಕ್ಕೋರೇ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಬೋರ್ಡಿನ ಮಾತು ಎರಡು ಸಲ ಓದಿಸಿದಳು.

ಜಿಎಸ್‌ಟಿ ಬಗ್ಗೆ ಒಬ್ಬರೂ ಅಂಗಡಿಯವನನ್ನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತು ಎಲ್ಲ ಶೇ 18ರಿಂದ 5ಕ್ಕೆ ಬಂತು. ಒಳ್ಳೆಯದೇ. ಆದರೆ ಐದು ರೂಪಾಯಿಯ ಬಿಸ್ಕತ್ತಿಗೆ ನಾಲ್ಕೂವರೆ ಎಂದು ದರ ಅಚ್ಚಾಗಿ ಬಂತು. ಎಂಟಾಣೆ ನಾನು ಎಲ್ಲಿಂದ ತರಲಿ? ಒಂದು ತಿಂಗಳು ಚಾಕಲೇಟ್ ಕೊಟ್ಟೆ. ಶಾಲೆಯ ಮಕ್ಕಳು ಖುಷಿಪಟ್ಟರು, ಒಬ್ಬ ಅಜ್ಜ ಮಾತ್ರ ‘ಸಕ್ಕರೆ ಕಾಯಿಲೆಯವನಿಗೆ ಮೋದಿ ಚಾಕಲೇಟ್ ಕೊಟ್ಟ’ ಎಂದು ಊರೆಲ್ಲ ಹೇಳಿದ. ಈಗ ದರ ಮತ್ತೆ ಐದು, ಪೊಟ್ಟಣ ಒಂಚೂರು ದಪ್ಪ.

ಇನ್ನೊಂದು ಸಂಗತಿ ಬೆಂಗಳೂರಿನ ತಮ್ಮನಿಗೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಹೋಯಿತಲ್ಲ, ಸರಕು ಮಾರುವವರಿಗೆ 40 ಲಕ್ಷದ ಗೆರೆ. ನಾನು ಅದರ ಹತ್ತಿರವೂ ಇಲ್ಲ. ಆದರೂ ಹೆದರಿ ಕ್ಯೂಆರ್ ಬೋರ್ಡನ್ನು ಹದಿನೈದು ದಿನ ಅಕ್ಕಿ ಚೀಲದ ಹಿಂದೆ ಇಟ್ಟಿದ್ದೆ. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಹೊರಗೆ ತೆಗೆದೆ. ಹೆದರಿದ್ದು ಯಾಕೆ ಗೊತ್ತಾ? ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸುವವನಾದರೆ ಹೆಂಡತಿಗೆ ಗೃಹಲಕ್ಷ್ಮಿ ಇಲ್ಲ. ಅಂಗಡಿ ಬೆಳೆಸಿದರೆ ಮನೆಯ ಎರಡು ಸಾವಿರ ಹೋಗುತ್ತದೆ. ಪಕ್ಕದ ಕೋಣೆ ಬಾಡಿಗೆಗೆ ತೆಗೆದು ಸ್ಟೇಷನರಿ ಇಡುವ ಯೋಚನೆ ಇತ್ತು. ಹೆಂಡತಿ ‘ಮೊದಲು ಲೆಕ್ಕ ಹಾಕಿ’ ಎಂದಳು. ಹಾಕುತ್ತಲೇ ಇದ್ದೇನೆ.

ಗ್ಯಾರಂಟಿ ತೆಗೆಯಿರಿ ಎಂದು ನಾನು ಎಲ್ಲೂ ಹೇಳಿಲ್ಲ, ಗೃಹಲಕ್ಷ್ಮಿ ತಂಗಿ ಹೇಳಿದ್ದು ಸರಿ. ನನ್ನದಿಷ್ಟೇ. ಎರಡು ಸಾವಿರ ನನ್ನ ಮನೆಗೆ ಕೊಟ್ಟರೆ ನಾನು ಅಕ್ಕಿ ತರಬಹುದು. ಹೃದಯದ ಡಾಕ್ಟರನ್ನು ತರಲಾರೆ. ಆರರ ಬಸ್ಸನ್ನು ನಿಲ್ಲಿಸಲಾರೆ. ಮಳೆಮಾಪಕದ ಬಳ್ಳಿಯನ್ನು ಬೇಕಾದರೆ ಕಡಿಯಬಹುದು, ಶಿರಸಿಯವರು ಕಡಿದ ಹಾಗೆ. ಸರ್ಕಾರ ಮಾತ್ರ ಮಾಡಬಹುದಾದ ಕೆಲಸವನ್ನು ಯಾರೂ ಮಾಡುತ್ತಿಲ್ಲ. ಕೈಗೆ ಕೊಟ್ಟೆವಲ್ಲ ಎಂದು ಇವರು, ತೆರಿಗೆ ಇಳಿಸಿದೆವಲ್ಲ ಎಂದು ಅವರು.

ಬೆಂಗಳೂರಲ್ಲಿರೋ ಶಿರಸಿಗ

ಜಿಎಸ್‌ಟಿ ಕಟ್ಟಿದರೆ ಗೃಹಲಕ್ಷ್ಮಿ ಹೋಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅದು ದಡ್ಡತನ. ಆಸ್ಪತ್ರೆ ವಿಷಯದಲ್ಲಿ ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಕಟ್ಟಡ ಕಟ್ಟಿ ಬೀಗ ಹಾಕುವುದಕ್ಕಿಂತ, ಇರುವ ಕಡೆ ಹೃದಯದ ಡಾಕ್ಟರಿಗೆ ಎರಡು ಪಟ್ಟು ಸಂಬಳ ಕೊಟ್ಟು ಕೂರಿಸಲಿ. ಅದಕ್ಕೆ 51 ಸಾವಿರ ಕೋಟಿ ಬೇಡ.

ಅಂಕೋಲೆ ಅಕ್ಕೋರು

ಇದನ್ನು ಒಪ್ಪಿದೆ. ಸಂಬಳದ ಜೊತೆ ಅವರ ಮಕ್ಕಳಿಗೆ ಶಾಲೆ, ರಾತ್ರಿ ಕರೆಂಟು ಎಲ್ಲ ಬೇಕು ಮಗಾ. ಎಲ್ಲಿಂದ ಎಳೆದರೂ ಒಂದೇ ದಾರ.

ಗೃಹಲಕ್ಷ್ಮಿ ನಾನೇ

ಬಸ್ಸಿನ ವಿಷಯಕ್ಕೆ ನಾವು ಹದಿನೈದು ಜನ ಒಂದು ಅರ್ಜಿ ಬರೆದು ಡಿಪೋಗೆ ಕೊಟ್ಟು ಬಂದೆವು, ಮೊನ್ನೆ ಸೋಮವಾರ. ಅಲ್ಲಿದ್ದವರು ಒಳ್ಳೆಯ ಮಾತಾಡಿ ಮೊಹರು ಹಾಕಿ ಕೊಟ್ಟರು. ಮಂಗಳವಾರ ನಿಂತಿತು. ಬುಧವಾರ ಇಲ್ಲ. ಇವತ್ತು ನೋಡಬೇಕು.

ಕೊನೆಕೊಯ್ಲು (ಶಿರಸಿ)

ತಾಳೆಪಟ್ಟಿಯವರೇ, ತಂದೆಯವರನ್ನು ಮುಂದೆ ಯಾವಾಗ ಕರೆದುಕೊಂಡು ಹೋಗುವುದು? ಬರುವ ಬುಧವಾರ ನಮ್ಮ ಅತ್ತೆಯ ಕಣ್ಣು ತೋರಿಸಲು ಮಣಿಪಾಲಕ್ಕೆ ಹೊರಟಿದ್ದೇವೆ. ದೇವಿಮನೆ ಘಟ್ಟ ಇಳಿದೇ ಬರುವುದು. ಕಾರಿನಲ್ಲಿ ಹಿಂದೆ ಎರಡು ಜಾಗ ಇದೆ.

ತಾಳೆಪಟ್ಟಿ (ಕುಮಟಾ)

ಬುಧವಾರವೇ ಅವರ ತಾರೀಖು! ಎಷ್ಟು ಗಂಟೆಗೆ?

ಕೊನೆಕೊಯ್ಲು (ಶಿರಸಿ)

ಬೆಳಿಗ್ಗೆ ಐದೂವರೆಗೆ ಅಂಗಡಿ ಎದುರು ನಿಂತಿರಿ. ಚಹಾ ಮಾಡಿಟ್ಟಿರಿ, ಉದ್ರಿ ಬರೆಯಬೇಡಿ.